ಮೂಲೆ ಸೈಟಿನ ಪಾರ್ಕು: 80 ಸಾವಿರ ರೂಪಾಯಿ, 32 ಗಿಡ, ತಿರುಗಿಸಿದ ಮೂರು ಬೆಂಚು

ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ಅರ್ಧ ವ್ಯಾಪಾರ ಅರ್ಜಿ ಟೈಪ್ ಮಾಡೋದರಿಂದಲೇ ನಡೆಯುತ್ತದೆ. ವೃದ್ಧಾಪ್ಯ ವೇತನ, ಪಹಣಿ ತಿದ್ದುಪಡಿ, ಸ್ಕಾಲರ್‌ಶಿಪ್, ಎಲ್ಲ ಬರುತ್ತವೆ. ನಮ್ಮ ಬೀದಿಯ ಮೂಲೆ ಸೈಟನ್ನು ಪಾರ್ಕು ಮಾಡೋಣ ಅಂತ 2022ರ ದೀಪಾವಳಿ ಆದಮೇಲೆ ನಾಲ್ಕು ಜನ ಕೂತು ಮಾತಾಡಿದೆವು. "ಅರ್ಜಿ ನೀನೇ ಬರಿಯಪ್ಪ" ಅಂತ ಎಲ್ಲರೂ ನನ್ನ ತಲೆಗೆ ಕಟ್ಟಿದರು. ಅರ್ಜಿಯ ಜೊತೆಗೆ ಗುದ್ದಲಿಯೂ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ಸೈಟು 60 ಅಡಿಗೆ 80 ಅಡಿ. ಎರಡು ಕಡೆ ರಸ್ತೆ, ಇನ್ನೆರಡು ಕಡೆ ಮನೆಗಳ ಗೋಡೆ. ಲೇಔಟ್ ನಕ್ಷೆಯಲ್ಲಿ ಪಾರ್ಕು ಅಂತಲೇ ಇದೆ. ನೆಲದ ಮೇಲೆ ಇದ್ದದ್ದು ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ, ಯಾರೋ ಮನೆ ಒಡೆದು ತಂದು ಸುರಿದ ಇಟ್ಟಿಗೆ ಚೂರು, ಒಂದು ಕಮೋಡು. ಆ ಕಮೋಡನ್ನು ಆಮೇಲೆ ತುಂಬ ದಿನ ನೆನೆಸಿಕೊಂಡು ನಕ್ಕಿದ್ದೇವೆ.

ಮೊದಲು ಮಾಡಿದ ಕೆಲಸ ಒಪ್ಪಿಗೆ ಪತ್ರ ತಗೊಂಡದ್ದು. ಪಾರ್ಕಿಗೆ ಅಂತ ಬಿಟ್ಟ ಜಾಗಕ್ಕೆ ರಾಜ್ಯದ 1985ರ ಉದ್ಯಾನ, ಆಟದ ಮೈದಾನಗಳ ಕಾಯ್ದೆಯ ರಕ್ಷಣೆ ಇದೆ, ಬೇರೆ ಉದ್ದೇಶಕ್ಕೆ ಬಳಸುವ ಹಾಗಿಲ್ಲ. ಹಾಗಂತ ಬೀದಿಯವರು ನಾಳೆಯೇ ಹೋಗಿ ಬೇಲಿ ಹಾಕೋಕಾಗಲ್ಲ. ಜಾಗ ನಗರಸಭೆಯದ್ದು. ಗಿಡ ನೆಟ್ಟು ನೋಡಿಕೊಳ್ಳುತ್ತೇವೆ, ಜಾಗದ ಮೇಲೆ ಯಾವ ಹಕ್ಕೂ ಕೇಳುವುದಿಲ್ಲ ಅಂತ ಬರೆದುಕೊಟ್ಟೆವು. ನಗರಸಭೆಯ ಒಪ್ಪಿಗೆ ಪತ್ರ ಕೈಯಲ್ಲಿಲ್ಲದೆ ದುಡ್ಡು ಕೇಳೋಕೆ ಹೋಗಬೇಡಿ. ದುಡ್ಡು ಕೊಡುವವರು ಮೊದಲು ಕೇಳುವುದೇ ಅದನ್ನು.

ದುಡ್ಡಿನ ಕಥೆ

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದಮೇಲೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅನ್ನೋ ಮಾತು ನಮ್ಮೂರಿನ ಟೀ ಅಂಗಡಿಗೂ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿಯಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆದರೆ ಆ ದುಡ್ಡು ನಮ್ಮಂಥ ಬೀದಿ ಗುಂಪಿಗೆ ನೇರವಾಗಿ ಬರುವುದಿಲ್ಲ. ನೋಂದಣಿ ಆದ ಸಂಸ್ಥೆ ಬೇಕು, ಅದಕ್ಕೆ ಆಗ ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ ಇರಬೇಕಿತ್ತು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನೋ ಫಾರಂ ತುಂಬಿ ನಂಬರೂ ಪಡೆದಿರಬೇಕು. ಏಳು ಜನ ಸೇರಿ ಸಂಘ ನೋಂದಾಯಿಸಬಹುದು, ಅದು ಸುಲಭ. ಮಿಕ್ಕಿದ್ದಕ್ಕೆ ವರ್ಷಗಟ್ಟಲೆ ಲೆಕ್ಕಪತ್ರ ಇಡಬೇಕು. ಒಂದು ಪಾರ್ಕಿಗೋಸ್ಕರ ಯಾರು ಮಾಡ್ತಾರೆ? ಹಾಗಾಗಿ ಇವೆಲ್ಲ ಆಗಲೇ ಇದ್ದ ಒಂದು ಟ್ರಸ್ಟಿನ ಮೂಲಕ ಹೋದೆವು. ಒಂದು ಕಂಪನಿಯ ದುಡ್ಡನ್ನು ಅವರು ಸಣ್ಣ ಸಣ್ಣ ಗುಂಪುಗಳಿಗೆ ಹಂಚುತ್ತಿದ್ದರು. ಬಡಾವಣೆಯ ಹಸಿರು ಜಾಗಕ್ಕೆ, ವಯಸ್ಸಾದವರ ಆರೋಗ್ಯಕ್ಕೆ ಅಂತ. ಒಬ್ಬರಿಗೆ 80 ಸಾವಿರದವರೆಗೆ.

ಅರ್ಜಿಯಲ್ಲಿ "ಆರೋಗ್ಯಕ್ಕೆ ಹೇಗೆ ಸಹಾಯವಾಗುತ್ತದೆ" ಅಂತ ಒಂದು ಕಾಲಂ ಇತ್ತು. ದೊಡ್ಡವರು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮ ಬೀದಿಯಲ್ಲಿ ಬಿಪಿ, ಶುಗರ್ ಇರೋ ಹಿರಿಯರಿಗೆ ನಾಯಿ, ಬೈಕು, ಚರಂಡಿಗೆ ಹೆದರದೆ ನಡೆಯಲು ಜಾಗವಿಲ್ಲ ಅಂತ ಬರೆದೆ. ಕೊನೆಗೆ "ಫಲಾನುಭವಿಗಳ ಸಂಖ್ಯೆ". ಮನೆ ಎಣಿಸಿ, ನಾಲ್ಕರಿಂದ ಗುಣಿಸಿ ಹಾಕಿದೆ. ಎಲ್ಲರೂ ಮಾಡೋದು ಅದನ್ನೇ, ಅಲ್ವಾ.

2023ರ ಜನವರಿ ಕೊನೆಗೆ ದುಡ್ಡು ಬಂತು. ಜೊತೆಗೆ ಒಂದು ಷರತ್ತು. ಮಾರ್ಚ್ 31ರೊಳಗೆ ಖರ್ಚು ಮುಗಿಸಿ, ಬಿಲ್ಲು, ಜಿಯೋಟ್ಯಾಗ್ (ತೆಗೆದ ಜಾಗದ ಗುರುತಿರುವ) ಫೋಟೋ ಎಲ್ಲ ಕೊಡಬೇಕು. ಫೋಟೋದಲ್ಲಿ ಗಿಡ ಕಾಣಬೇಕು.

ಮಾರ್ಚ್ ತಿಂಗಳಲ್ಲಿ ಕೋಲಾರದಲ್ಲಿ ಗಿಡ.

ಫೆಬ್ರವರಿ: ಕಸ, ಕೂಚ, ಗರಸು

ಜೆಸಿಬಿ ಆರು ಗಂಟೆ ಓಡಿತು. ಎಂಟು ಟ್ರಾಕ್ಟರ್ ಲೋಡು ಕಸ ಹೋಯಿತು. ಇದಕ್ಕೇ 12 ಸಾವಿರ ಖಾಲಿ. ರಸ್ತೆ ಕಡೆಯ 140 ಅಡಿಗೆ 18 ಕಲ್ಲುಕೂಚ, ಅಂದರೆ ಕಲ್ಲಿನ ಕಂಬ, ನಿಲ್ಲಿಸಿ ಜಾಲರಿ ಕಟ್ಟಿದೆವು. ಕಲ್ಲು ನಮ್ಮ ಕಡೆ ಅಗ್ಗ, ಜಾಲರಿಯೇ ದುಬಾರಿ. ಕೂಲಿ ಸೇರಿ 24,500 ಆಯಿತು. ಬೇಲಿಗೆ ಇಷ್ಟೊಂದಾ ಅಂತ ಬೀದಿಯಲ್ಲಿ ಗೊಣಗಿದರು. ಮೇಕೆ ಸಾಕಿದವರು ಗೊಣಗಲಿಲ್ಲ, ಸುಮ್ನೆ ನೋಡುತ್ತಿದ್ದರು.

ನಡೆಯುವ ದಾರಿಗೆ ಟೈಲ್ಸ್ ಹಾಕೋಣ ಅಂತ ಒಬ್ಬರು ಹಟ ಹಿಡಿದರು. ಲೆಕ್ಕ ಹಾಕಿ ತೋರಿಸಿದೆ. ಬೇಲಿಯಿಂದ ಐದಡಿ ಒಳಗೆ ಸುತ್ತು ಹಾಕಿದರೆ ದಾರಿ 240 ಅಡಿ, ಅಗಲ 4 ಅಡಿ, ಒಟ್ಟು 960 ಚದರಡಿ. ಟೈಲ್ಸ್‌ಗೇ ಬಂದ ದುಡ್ಡೆಲ್ಲ ಹೋಗುತ್ತದೆ. ಅದರ ಬದಲು ಮೂರು ಇಂಚು ಗರಸು ಹಾಸಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಅದರ ಮೇಲೆ ಎರಡು ಇಂಚು ಕಲ್ಲುಪುಡಿ. 18,500ಕ್ಕೆ ಮುಗಿಯಿತು. ಮಂಡಿ ನೋವಿನವರಿಗೆ ಸಿಮೆಂಟಿಗಿಂತ ಇದೇ ಹಿತ.

240 ಅಡಿ ಅಂದರೆ ಸುಮಾರು 73 ಮೀಟರ್. 14 ಸುತ್ತಿಗೆ ಒಂದು ಕಿಲೋಮೀಟರ್. ಎದುರು ಮನೆ ಅಜ್ಜಿ ಹುಣಸೆ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಸುತ್ತಿಗೊಂದು ಬೀಜ ಗೇಟಿನ ಕೂಚದ ಬುಡದಲ್ಲಿ ಹಾಕುತ್ತಾರೆ. ಎಣಿಕೆ ತಪ್ಪುವುದಿಲ್ಲ. ಅಲ್ಲೀಗ ಎರಡು ಹುಣಸೆ ಸಸಿ ಹುಟ್ಟಿವೆ, ಕೀಳೋಕೆ ಮನಸ್ಸಾಗಿಲ್ಲ.

ಈ ದಾರಿಯಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೇಸ್ತ್ರಿ ದಾರಿಯನ್ನು ಒಂದು ಕಡೆಗೆ ವಾಟ (ಇಳಿಜಾರು) ಕೊಟ್ಟು ಮಾಡುತ್ತಿದ್ದರು. ನಾನು ಹೋಗಿ ರಸಮಟ್ಟ ಇಟ್ಟು, "ಗುಳ್ಳೆ ಮಧ್ಯಕ್ಕೆ ಬರ್ತಾ ಇಲ್ವಲ್ಲ ಮೇಸ್ತ್ರಿ" ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು. "ಆಯ್ತು ಸಾರ್" ಅಂತ ಮಟ್ಟ ಮಾಡಿಕೊಟ್ಟರು. ಮೇ ತಿಂಗಳಲ್ಲಿ ಮೊದಲ ಮಳೆ ಬಂದಾಗ ದಾರಿ ಪೂರ್ತಿ ಪಾಯಸ. ನೀರು ಎಲ್ಲೂ ಹರಿಯದೆ ನಿಂತು ಕಲ್ಲುಪುಡಿ ಮೆತ್ತಗಾಗಿ ಚಪ್ಪಲಿ ಹೂತುಕೊಳ್ಳುತ್ತಿತ್ತು. ಆಮೇಲೆ ನಾಲ್ಕಡಿ ಅಗಲಕ್ಕೆ ಒಂದಿಂಚು ಇಳಿಜಾರು ಬರೋ ಹಾಗೆ ಒಳಗಡೆಗೆ ಕೆರೆದು ಮತ್ತೆ ದಮ್ಮಸು ಮಾಡಿಸಿದೆವು. ಈಗ ದಾರಿಯ ನೀರೆಲ್ಲ ಗಿಡಗಳ ಕಡೆ ಹೋಗುತ್ತದೆ. ಮೇಸ್ತ್ರಿಗೆ ಮೊದಲೇ ಗೊತ್ತಿತ್ತು. ಸಾರ್ ಅಂದವರಿಗೆ ಹೇಳೋಕೆ ಹೋಗಲಿಲ್ಲ ಅಷ್ಟೆ.

ಬಿಲ್ಲಿನ ತಾಪತ್ರಯ ಬೇರೆ. ಗರಸಿನ ಟ್ರಾಕ್ಟರಿನವರು ಬಿಲ್ಲು ಎಲ್ಲಿಂದ ತರಬೇಕು? ವೋಚರ್ ಬರೆದು, 5 ಸಾವಿರ ದಾಟಿದ ಕಡೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕಿಸಿಕೊಂಡೆ. ಹಣ ಕೊಟ್ಟ ದಿನವೇ ಸಹಿ ಹಾಕಿಸಿಕೊಳ್ಳಿ. ಮಾರ್ಚ್ 30ಕ್ಕೆ ಟ್ರಾಕ್ಟರ್ ಹುಡುಕಿಕೊಂಡು ಮಾಲೂರು ರಸ್ತೆಯಲ್ಲಿ ಅಲೆದವನ ಅನುಭವ ಇದು.

ಮಾರ್ಚ್: ಫೋಟೋಗೆ ನೆಟ್ಟ ಗಿಡ

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲಿನ ಅಡಿ ಸಲೀಸಾಗಿ ಬಂತು, ಕೆಳಗೆ ಗಟ್ಟಿ ಗರಸು. ಗಡಾರಿ ಹಾಕಿದರೆ ಟಣ್ ಅನ್ನುತ್ತದೆ. ಹಿಂದಿನ ದಿನ ಗುಂಡಿಗೆ ನೀರು ತುಂಬಿ ಬಿಟ್ಟು ಮಾರನೇ ದಿನ ಅಗೆದರೆ ಸುಲಭ ಅಂತ ಅಜ್ಜಿಯೇ ಹೇಳಿಕೊಟ್ಟರು.

ಅರಣ್ಯ ಇಲಾಖೆ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತಂದೆವು. ಹೊಂಗೆ ಆರು, ಬೇವು ನಾಲ್ಕು, ನೇರಳೆ ಎರಡು, ಬಿಲ್ವ, ಬಾದಾಮಿ ಒಂದೊಂದು. ಮಿಕ್ಕ 18 ದಾಸವಾಳ, ನಂದಿಬಟ್ಟಲು. ಹೊಂಗೆ ಜಾಸ್ತಿ ಹಾಕಿದ್ದಕ್ಕೆ ಕಾರಣ ಇದೆ. ಬೇಸಿಗೆ ಜೋರಾಗೋ ಹೊತ್ತಿಗೇ ಅದು ಹೊಸ ಎಲೆ ಬಿಡುತ್ತದೆ, ಬೇಕಾದಾಗ ನೆರಳು ಕೊಡುತ್ತದೆ. ಕಣಗಿಲೆ ಹಾಕಿ, ದನ ಮುಟ್ಟಲ್ಲ ಅಂದರು ಕೆಲವರು. ದನ ಮುಟ್ಟದಿರೋದು ಅದು ವಿಷ ಅಂತಲೇ. ಮಕ್ಕಳು ಆಡುವ ಜಾಗಕ್ಕೆ ಬೇಡ ಅಂದೆ.

ಮಾರ್ಚ್ 26ಕ್ಕೆ 32 ಗಿಡ ನೆಟ್ಟು, ಬೋರ್ಡು ನಿಲ್ಲಿಸಿ, ಫೋಟೋ ತೆಗೆದು ಕಳಿಸಿದೆವು. ಬೋರ್ಡಿಗೆ 3,500. ಒಟ್ಟು ಲೆಕ್ಕ 80,600 ಬಂತು, ಮೇಲಿನ 600 ನನ್ನ ಜೇಬಿನದು. ಲೆಕ್ಕದಲ್ಲಿ ಬೇಲಿಗೆ ಕಾಲಂ ಇತ್ತು, ಬೋರ್ಡಿಗೆ ಇತ್ತು. ನೀರಿಗೆ ಇರಲಿಲ್ಲ. ಬರೆದವನು ನಾನೇ.

ಏಪ್ರಿಲ್ ಕೊನೆಗೆ 19 ಗಿಡ ಒಣಗಿದ್ದವು.

ಟ್ರಸ್ಟಿನ ಮೇಡಂಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ಎಲ್ಲಾ ಕಡೆ ಹಿಂಗೇ ಆಗುತ್ತೆ ಸರ್, ಆದ್ರೆ ಯಾರೂ ಫೋನ್ ಮಾಡಿ ಹೇಳಲ್ಲ" ಅಂದರು. ದುಡ್ಡಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಗಿಡದ ವರ್ಷ ಶುರುವಾಗೋದು ಮೃಗಶಿರಾ ಮಳೆಗೆ. ನಡುವೆ ಇರುವ ಎರಡು ತಿಂಗಳು ಕೋಲಾರದ ಬಿಸಿಲು. ನಾವು ಗಿಡ ನೆಟ್ಟದ್ದು ದುಡ್ಡಿನ ವರ್ಷಕ್ಕೆ.

ಜೂನ್: ಮಡಕೆ

ಸರಿ, ಮೃಗಶಿರಾ ಮಳೆಗೆ ಮತ್ತೆ 19 ಸಸಿ ತಂದು ನೆಟ್ಟೆವು. ಆ ವರ್ಷ ಮಳೆಯೇ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ನಿಜ. ಆದರೆ ಕೆರೆಗೆ ಬಂದ ನೀರು ಮೂಲೆ ಸೈಟಿಗೆ ನಡೆದು ಬರುವುದಿಲ್ಲವಲ್ಲ.

ಮೊದಲು ಬಕೆಟ್ ಲೆಕ್ಕ ನೋಡಿದೆವು. ಗಿಡಕ್ಕೆ ದಿನ ಬಿಟ್ಟು ದಿನ 10 ಲೀಟರ್. 32 ಗಿಡಕ್ಕೆ ನಾಲ್ಕು ದಿನಕ್ಕೆ 640 ಲೀಟರ್. ಅದರಲ್ಲಿ ಅರ್ಧ ಬಿಸಿಲಿಗೆ ಆವಿ, ಅರ್ಧ ಕಾಂಗ್ರೆಸ್ ಗಿಡಕ್ಕೆ. ಆಗ ಮೇಸ್ತ್ರಿ ಮಡಕೆ ಹೂಳೋಣ ಅಂದರು. ಅವರ ತಂದೆ ಹೊಸ ಮಾವಿನ ಸಸಿಗೆ ಹಾಗೇ ಮಾಡುತ್ತಿದ್ದರಂತೆ.

ಬಣ್ಣ, ಪಾಲಿಶ್ ಇಲ್ಲದ, ಸುಮಾರು 6 ಲೀಟರ್ ಹಿಡಿಯುವ ಮಡಕೆ ಬೇಕು. ಬುಡದಿಂದ ಒಂದಡಿ ದೂರದಲ್ಲಿ, ಕಂಠ ಮಾತ್ರ ಎರಡು ಬೆರಳು ಮೇಲೆ ಕಾಣುವ ಹಾಗೆ ಹೂಳಬೇಕು. ಸುತ್ತ ಗರಸು ಬೇಡ, ಜರಡಿ ಹಿಡಿದ ಮಣ್ಣು ತುಂಬಿ ಕೈಯಲ್ಲೇ ಒತ್ತಬೇಕು. ಮಡಕೆಗೂ ಮಣ್ಣಿಗೂ ಮಧ್ಯೆ ಗಾಳಿ ಇದ್ದರೆ ನೀರು ಜಿನುಗುವುದಿಲ್ಲ. ಸುತ್ತಲಿನ ಮಣ್ಣು ಒಣಗಿದಷ್ಟೂ ಅದು ಮಡಕೆಯಿಂದ ನೀರು ಎಳೆದುಕೊಳ್ಳುತ್ತದೆ, ಹಸಿ ಇದ್ದರೆ ಎಳೆಯುವುದಿಲ್ಲ. ನಲ್ಲಿ ಬೇಡ, ಟೈಮರ್ ಬೇಡ. ಬಾಯಿಗೆ ಕಡಪ ಕಲ್ಲಿನ ಚೂರು ಮುಚ್ಚಿದೆವು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ನಾಲ್ಕು ದಿನಕ್ಕೊಮ್ಮೆ ಒಂದು ಮಡಕೆ ತುಂಬಿಸಿದರೆ ಸಾಕು. 32 ಮಡಕೆಗೆ 192 ಲೀಟರ್. 640ರಿಂದ 192.

ಅಕ್ಟೋಬರ್ ಹೊತ್ತಿಗೆ ಕೆಲವು ಮಡಕೆಗಳಲ್ಲಿ ನೀರು ಇಳಿಯೋದು ನಿಂತಿತು. ತುಂಬಿಸಿ ವಾರವಾದರೂ ಹಾಗೇ ಇದೆ. ಒಂದನ್ನು ಎತ್ತಿ ನೋಡಿದರೆ ಒಳಗೆಲ್ಲ ಬಿಳಿ ಪೊರೆ. ನಮ್ಮ ಬೋರ್‌ವೆಲ್ ನೀರಿನ ಗಡಸು ಮಡಕೆಯ ರಂಧ್ರ ಕಟ್ಟಿಬಿಟ್ಟಿತ್ತು. ಹುಣಸೆ ಹುಳಿ ನೀರಲ್ಲಿ ಒಂದು ರಾತ್ರಿ ನೆನೆಸಿ, ತೆಂಗಿನ ನಾರು, ಮರಳು ಹಾಕಿ ಉಜ್ಜಿದೆವು. ಅರ್ಧದಷ್ಟು ಸರಿಹೋದವು. ಸರಿಹೋಗದವಕ್ಕೆ ತಳದಲ್ಲಿ ಮೊಳೆಯಿಂದ ಸಣ್ಣ ತೂತು ಮಾಡಿ ಹತ್ತಿ ಬತ್ತಿ ತುರುಕಿದೆವು. ಈ ತೂತು ಮಾಡೋದರಲ್ಲಿ ನಾನು ಮೂರು ಮಡಕೆ ಒಡೆದೆ. ಮಡಕೆಯನ್ನು ನೀರಲ್ಲಿ ನೆನೆಸಿ, ಮರಳಿನ ಮೇಲೆ ಬೋರಲು ಹಾಕಿ, ಮೊಳೆಯನ್ನು ಹೊಡೆಯದೆ ತಿರುವುತ್ತ ಹೋದರೆ ಒಡೆಯುವುದಿಲ್ಲ.

ಮಳೆ ಬಂದ ದಿನ ಬೋರ್‌ವೆಲ್ ನೀರು ಬೇಡವೇ ಬೇಡ. ಪಕ್ಕದ ಮನೆ ತಾರಸಿಯ ಪೈಪನ್ನು ಸಾವಿರ ಲೀಟರಿನ ಟ್ಯಾಂಕಿಗೆ ತಿರುಗಿಸಿದ್ದೇವೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಅವರ ತಾರಸಿ ಸುಮಾರು 100 ಚದರ ಮೀಟರ್. 10 ಮಿ.ಮೀ. ಹೊಡೆದರೆ ಟ್ಯಾಂಕ್ ಭರ್ತಿ. ಉಕ್ಕಿದ್ದು ಇಂಗುಗುಂಡಿಗೆ. ಮಳೆ ನೀರಿನಲ್ಲಿ ಗಡಸು ಇಲ್ಲ, ಮಡಕೆಗೂ ಒಳ್ಳೆಯದು.

ಮಡಕೆ ಹೂಳೋ ಹೊತ್ತಿಗೆ, ಆ ಜುಲೈನಲ್ಲಿ, ಕೂಲಿಗೆ ಒಬ್ಬರೂ ಸಿಗಲಿಲ್ಲ. ಟೊಮೆಟೊ 15 ಕೆ.ಜಿ. ಬಾಕ್ಸು 2,000 ದಾಟಿತ್ತು, ಊರಿಗೆ ಊರೇ ಎಪಿಎಂಸಿ ಮಾರುಕಟ್ಟೆ ಕಡೆ ಓಡುತ್ತಿತ್ತು. ಹಾಗಾಗಿ ಮಡಕೆ ಹೂಳಿದ್ದು ನಾವೇ, ಭಾನುವಾರಗಳಲ್ಲಿ. ಟೊಮೆಟೊ ಮಂಡಿಯಿಂದ ಒಡೆದ ಪ್ಲಾಸ್ಟಿಕ್ ಬಾಕ್ಸು ಮಾತ್ರ ತಂದೆವು. ತಳ ಕುಯ್ದು ಸಸಿಗೆ ತೊಡಿಸಿ, ಸುತ್ತ ಜಾಲಿ ಮುಳ್ಳು ಕಟ್ಟಿದರೆ ಗೇಟು ತೆರೆದಿಟ್ಟ ದಿನವೂ ಮೇಕೆ ಬಾಯಿ ಹಾಕಲ್ಲ.

ಬೆಂಚು

ನಾಲ್ಕು ಬೆಂಚು ಮಾಡಿಸಿದ್ದೆವು. ಕೂರುವ ಚಪ್ಪಡಿ ಐದಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಇಂಚು ದಪ್ಪ. ಒಂದೊಂದು 180 ಕಿಲೋ ಮೇಲೆ. ಹಿಂದೆ ಎರಡು ಉದ್ದ ಕೂಚ, ಅವಕ್ಕೆ ಕಚ್ಚು ಹೊಡೆದು ಒರಗೋಕೆ ಕಡಪ ಕಲ್ಲು. ದಾರಿಯ ಒಳ ಅಂಚಿನಲ್ಲಿ, ಮುಖ ಪಾರ್ಕಿನ ಮಧ್ಯಕ್ಕೆ. ಕೂತವರಿಗೆ ಹಸಿರು ಕಾಣಬೇಕು ಅಂತ ನಕ್ಷೆಯಲ್ಲಿ ನಾನೇ ಬರೆದಿದ್ದೆ.

ಯಾರೂ ಕೂರಲಿಲ್ಲ. ಸಂಜೆ ಐದಾದರೆ ಅಜ್ಜಿಯರೆಲ್ಲ ಮೊದಲಿನ ಹಾಗೇ ರಸ್ತೆ ಆಚೆ ಬಿದ್ದಿದ್ದ ಸಿಮೆಂಟ್ ಪೈಪಿನ ಮೇಲೆ ಕೂರುತ್ತಿದ್ದರು. ಒಂದು ತಿಂಗಳು ನೋಡಿ ಕೇಳಿದೆ.

"ಅಲ್ಲಿ ಕೂತು ಏನ್ ನೋಡೋದು ನಾಯನಾ, ಕಡ್ಡಿನಾ?" ಅಂದರು ಎದುರು ಮನೆ ಅಜ್ಜಿ. "ಯಾರು ಬಂದ್ರು, ಯಾರು ಹೋದ್ರು, ಒಂದೂ ಕಾಣಲ್ಲ. ಬೆನ್ನ ಹಿಂದೆ ಯಾರೋ ನಡೀತಾ ಇರ್ತಾರೆ, ಭಯ ಆಗುತ್ತೆ. ಕಾಲೂ ನೆಲಕ್ಕೆ ಸಿಗಲ್ಲ."

ಮೂರು ಮಾತಲ್ಲಿ ಮೂರು ತಪ್ಪು. ಟೇಪು ತಂದು ಅಳೆದೆ. ಕೂರುವ ಎತ್ತರ 20 ಇಂಚು ಇತ್ತು. ಅವರ ಮನೆ ಜಗಲಿ 16.

ತಿರುಗಿಸೋಕೆ ಸಾಧ್ಯವಾದದ್ದು ನಮ್ಮ ಬಡತನದಿಂದ. ಕಾಲುಗಳನ್ನು ಕಾಂಕ್ರೀಟಿನಲ್ಲಿ ಕೂರಿಸೋಣ ಅಂತ ಮೇಸ್ತ್ರಿ ಹೇಳಿದ್ದರು. ದುಡ್ಡು ಸಾಲದೆ ಚಕ್ಕೆ ಕಲ್ಲು, ಮಣ್ಣು ಹಾಕಿ ಬಿಗಿ ಮಾಡಿದ್ದೆವು. ನವೆಂಬರಿನ ಒಂದು ಭಾನುವಾರ ಆರು ಜನ ಸೇರಿದೆವು. ಮೊದಲು ಒರಗು ಕಲ್ಲನ್ನು ಕಚ್ಚಿನಿಂದ ಮೇಲಕ್ಕೆತ್ತಿ ಗೋಣಿಚೀಲದ ಮೇಲೆ ಮಲಗಿಸಿದೆವು. ಆಮೇಲೆ ಚಪ್ಪಡಿ ಕೆಳಗಿನ ಗಾರೆಗೆ ಉಳಿ ಇಟ್ಟು ತಟ್ಟಿ ಬಿಡಿಸಿ, ಎರಡು ಕಡೆ ಗಡಾರಿ ಕೊಟ್ಟು ಎತ್ತಿದೆವು. ಎತ್ತಿದಷ್ಟಕ್ಕೂ ಕೆಳಗೆ ಇಟ್ಟಿಗೆ ಜೋಡಿಸುತ್ತ ಹೋಗಬೇಕು, ಬೆರಳು ಯಾವತ್ತೂ ಒಳಗಿಡಬಾರದು. ಕಾಲು ಕಿತ್ತು, ಗುಂಡಿ ನಾಲ್ಕು ಇಂಚು ಆಳ ಮಾಡಿ, ಉದ್ದ ಕೂಚ ಒಳಗಡೆಗೆ, ಗಿಡ್ಡದ್ದು ದಾರಿ ಕಡೆಗೆ ಬರುವ ಹಾಗೆ ಅದಲು ಬದಲು. ಈ ಸಲ ರಸಮಟ್ಟ ಇಟ್ಟದ್ದು ಮೇಸ್ತ್ರಿ, ನಾನು ದೂರ ನಿಂತೆ. ಮೊದಲ ಬೆಂಚಿಗೆ ಮೂರು ಗಂಟೆ, ಮೂರನೆಯದಕ್ಕೆ ಒಂದು ಗಂಟೆ.

ಸಂಜೆಗೇ ಮೂರೂ ತುಂಬಿದವು. ಗಾರೆ ಒಣಗಲಿ ಅಂತ ಅಡ್ಡ ಕಟ್ಟಿದ್ದ ದಾರವನ್ನು ಯಾರೋ ಬಿಚ್ಚಿ ಹೂ ಕಟ್ಟೋಕೆ ತಗೊಂಡಿದ್ದರು. ಈಗ ನಡೆಯುವವರು ಪ್ರತಿ ಸುತ್ತಿಗೂ ಬೆಂಚಿನ ಮುಂದೆ ಒಂದು ಮಾತು ಆಡಿ ಹೋಗುತ್ತಾರೆ. 14 ಸುತ್ತಿಗೆ 14 ಮಾತು.

ಮುಂದಿನ ಅರ್ಜಿ

ಎರಡನೇ ಅರ್ಜಿಯಲ್ಲಿ 40 ಸಾವಿರ ಕೇಳಿದ್ದೆ. ಅದರಲ್ಲಿ 18 ಸಾವಿರ ನೀರಿಗೆ, ಎರಡು ಬೇಸಿಗೆಗೆ. ಟ್ಯಾಂಕರ್, ಹೊಸ ಮಡಕೆ, ನಾಲ್ಕು ದಿನಕ್ಕೊಮ್ಮೆ ತುಂಬಿಸುವ ಹುಡುಗನಿಗೆ ಸಂಬಳ. ಬೋರ್ಡಿಗೆ ಸೊನ್ನೆ, ಹಳೆಯದೇ ಸಾಕು. ಗಿಡದ ಕಂತು ಜೂನ್‌ನಲ್ಲಿ ಕೊಡಿ, ಮಾರ್ಚ್‌ನಲ್ಲಿ ಬೇಡ ಅಂತಲೂ ಬರೆದೆ. ಹಾಗೆ ಬರೆಯಬಹುದು ಅಂತ ಹೇಳಿಕೊಟ್ಟವರು ಟ್ರಸ್ಟಿನ ಮೇಡಮ್ಮೇ. ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ನಡೆಯುವ ಕೆಲಸ ಅಂತ ಕಂಪನಿ ಮೊದಲೇ ತೀರ್ಮಾನ ಮಾಡಿದರೆ, ಉಳಿದ ದುಡ್ಡನ್ನು ಮಾರ್ಚ್ ಆದ 30 ದಿನದೊಳಗೆ ಬೇರೆ ಖಾತೆಗೆ ಹಾಕಿಟ್ಟು ಆಮೇಲೆ ಖರ್ಚು ಮಾಡಬಹುದಂತೆ. ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈ ಸಲ ಗಿಡದ ಕಂತು ಜೂನ್‌ನಲ್ಲೇ ಬಂತು.

32ರಲ್ಲಿ 27 ಗಿಡ ಇವೆ. ಹೊಂಗೆ ನನಗಿಂತ ಎತ್ತರ. ಬಾದಾಮಿ ಹೋಯಿತು.

ನಾಲ್ಕನೇ ಬೆಂಚು ತಿರುಗಿಸೋಕೆ ಹೋದ ಭಾನುವಾರ ಅದರ ಮೇಲೆ ಮೇಲಿನ ಬೀದಿಯ ಹುಡುಗನೊಬ್ಬ ಪುಸ್ತಕ ಹರವಿಕೊಂಡು ಕೂತಿದ್ದ. ಮನೆಯಲ್ಲಿ ಟಿವಿ ಗಲಾಟೆ, ದಿನಾ ಇಲ್ಲೇ ಓದೋದಂತೆ. ಗಡಾರಿ ನೋಡಿ ಎದ್ದು ನಿಂತ.

"ಅಣ್ಣ, ಇದೊಂದು ಹಿಂಗೇ ಇರ್ಲಿ ಅಣ್ಣ. ಆ ಕಡೆ ತಿರುಗಿಸಿದ್ರೆ ಎಲ್ಲಾರೂ ಮಾತಾಡಿಸ್ತಾರೆ."

ಗಡಾರಿ ವಾಪಸ್ ಅಂಗಡಿಗೆ ತಂದಿಟ್ಟೆ.